ಲೀಡ್ಸ್ ದಂಪತಿಯ ಚಿಕ್ಕಬಳ್ಳಾಪುರದ ಕ್ರಿಸ್ಮಸ್

ಚಿಕ್ಕಬಳ್ಳಾಪುರವು ಆಗಿನ್ನೂ ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರವಾಗಿತ್ತು. ಅಲ್ಲಿನ ಮಿಷನ್ ಆಸ್ಪತ್ರೆಗೆ ನಾನು ಶುಶ್ರೂಷಕಿಯಾಗಿ ಸೇರಿದ್ದು 1970ರ ದಶಕದಲ್ಲಿ. 1795ರಲ್ಲಿ ಸ್ಥಾಪನೆಯಾದ ಲಂಡನ್ ಮಿಷನರಿ ಸೊಸೈಟಿಯವರು ಕಟ್ಟಿದ ಆಸ್ಪತ್ರೆಯದು. 1947ರ ಸೆಪ್ಟೆಂಬರಿನಲ್ಲಿ ಹಲವು ಪ್ರೊಟೆಸ್ಟಂಟ್ ಚರ್ಚುಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿಎಸ್ಐ) ರೂಪುಗೊಂಡ ಮೇಲೆ ಅದು ನಮ್ಮ ಸಭೆಯ ಆಡಳಿತಕ್ಕೆ ಸೇರಿತ್ತು. ಹೊರದೇಶದಿಂದ ಸೇವೆಗೆಂದು ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಹಾಗೆ ಕೊನೆಕೊನೆಗೆ ಬಂದವರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಒಬ್ಬ ಹಿರಿಯ ದಂಪತಿ ಇದ್ದರು.

ಇಬ್ಬರೂ ಅರವತ್ತು ದಾಟಿದವರು. ಪತಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾಗಿ, ಇಲ್ಲಿ ಔಷಧಿ ಉಗ್ರಾಣದ ಲೆಕ್ಕವನ್ನೂ ನೀರಿನ ಪಂಪನ್ನೂ ನೋಡಿಕೊಳ್ಳುತ್ತಿದ್ದರು. ಪತ್ನಿ ಹೆರಿಗೆ ವಾರ್ಡಿನಲ್ಲಿ ನಮಗೆ ಕೆಲಸ ಹೇಳಿಕೊಡುತ್ತಿದ್ದರು. ಪತಿ ದೀಕ್ಷೆ ಪಡೆದ ಬೋಧಕರಲ್ಲದಿದ್ದರೂ ಕಾಂಪೌಂಡಿನಲ್ಲಿ ಎಲ್ಲರಿಗೂ ಅಯ್ಯನವರೇ, ಆಕೆ ಅಮ್ಮನವರೇ. ಯೌವನದಲ್ಲಿ ಬಂದು ಇಡೀ ಬದುಕನ್ನು ಇಲ್ಲೇ ಕಳೆದ ಮಿಷನರಿಗಳ ಕಥೆಗಳನ್ನು ನಾವು ಕೇಳಿ ಬೆಳೆದವರು. ಮೊಮ್ಮಕ್ಕಳನ್ನು ಆಡಿಸಬೇಕಾದ ವಯಸ್ಸಿನಲ್ಲಿ ಮನೆಗೆ ಬೀಗ ಹಾಕಿ ಬರುವುದು ಅದಕ್ಕಿಂತ ಕಠಿಣವೆಂದು ನನಗೆ ಆಗಲೇ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಆ ಕಷ್ಟ ಎದ್ದು ಕಾಣುತ್ತಿದ್ದುದು ಡಿಸೆಂಬರಿನಲ್ಲಿ. ರಾಗಿ ಕೊಯ್ಲು ಮುಗಿದು ಕಣದ ಕೆಲಸ ನಡೆಯುವ, ಸಂತೆಯ ತುಂಬ ಅವರೆಕಾಯಿಯ ಸೊಗಡು ಹರಡುವ ಆ ದಿನಗಳಲ್ಲಿ ಅಮ್ಮನವರು ದಿನಕ್ಕೆರಡು ಬಾರಿ ಅಂಚೆಯವನ ದಾರಿ ನೋಡುತ್ತಿದ್ದರು. ಮಗಳಿಂದ ತೆಳು ನೀಲಿ ಕಾಗದದ ಪತ್ರ ಬಂದರೆ ಅದನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು, ವಾರ್ಡಿನ ಕೆಲಸ ಮುಗಿದ ಮೇಲೆಯೇ ಒಡೆಯುತ್ತಿದ್ದರು. ದುಃಖವಾದಾಗ ದುಃಖವಾಯಿತೆಂದು ನಮ್ಮ ಮುಂದೆಯೇ ಹೇಳುತ್ತಿದ್ದರು. ತ್ಯಾಗದ ಮಾತು ಮಾತ್ರ ಅವರ ಬಾಯಲ್ಲಿ ಎಂದೂ ಬರಲಿಲ್ಲ.

ನಾನು ಹೇಳಹೊರಟಿರುವ ಆ ವರ್ಷ, ಡಿಸೆಂಬರ್ 24ರ ರಾತ್ರಿ, ವಾರ್ಡಿನ ಬೀಗದ ಕೈ ಕೊಡಲೆಂದು ಅವರ ಮನೆಗೆ ಹೋದಾಗ ಇಬ್ಬರೂ ರೇಡಿಯೊದ ಪಕ್ಕದಲ್ಲಿ ಕುಳಿತಿದ್ದರು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ ಕ್ರಿಸ್ಮಸ್ ಮುನ್ನಾದಿನ ಒಂಬತ್ತು ಬೈಬಲ್ ವಾಚನಗಳು ಮತ್ತು ಗೀತೆಗಳ ಆರಾಧನೆಯೊಂದು 1918ರಿಂದ ನಡೆದುಬಂದಿದೆ. 1928ರಲ್ಲಿ ಅದನ್ನು ಬಿಬಿಸಿ ಮೊದಲ ಬಾರಿಗೆ ಪ್ರಸಾರ ಮಾಡಿತು. ಅಲ್ಲಿ ಮಧ್ಯಾಹ್ನ ಮೂರು ಗಂಟೆಯಾದರೆ ನಮ್ಮಲ್ಲಿ ರಾತ್ರಿ ಎಂಟೂವರೆ. ಶಾರ್ಟ್‌ವೇವ್‌ನ ಗೊರಗೊರ ಸದ್ದಿನ ನಡುವೆ ಒಬ್ಬ ಹುಡುಗನ ಒಂಟಿ ಧ್ವನಿ ಎದ್ದಿತು. ಲೀಡ್ಸ್‌ನಲ್ಲಿ ಇನ್ನೇನು ನಾಲ್ಕಾಗುವುದರೊಳಗೆ ಕತ್ತಲಾಗುತ್ತದೆ, ಮಗಳೂ ಅಡುಗೆಮನೆಯಲ್ಲಿ ಇದನ್ನೇ ಕೇಳುತ್ತಿರುತ್ತಾಳೆ ಎಂದು ಅಮ್ಮನವರು ಹೇಳಿದರು. ವರ್ಷಕ್ಕೊಮ್ಮೆ ಆ ಮನೆಯವರೆಲ್ಲ ಒಟ್ಟಿಗಿರುತ್ತಿದ್ದುದು ಆ ಒಂದೂವರೆ ಗಂಟೆ ಮಾತ್ರ.

ಅಷ್ಟರಲ್ಲಿ ಪೆಟ್ರೋಮ್ಯಾಕ್ಸ್ ಹಿಡಿದು, ಕಂಜಿರ ಬಾರಿಸುತ್ತ ನಮ್ಮ ಸಭೆಯ ಹಾಡುವ ತಂಡ ಅವರ ಜಗಲಿಗೆ ಬಂದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ತಂಡಕ್ಕೆ ಹೇಳಿಬರಲು ನಾನು ಎದ್ದೆ. ಅಯ್ಯನವರು ಕೈಸನ್ನೆಯಿಂದ ತಡೆದು ರೇಡಿಯೊ ಆರಿಸಿದರು. ಶಾಲು ಹೊದ್ದು ಇಬ್ಬರೂ ಹೊರಗೆ ಬಂದು, ಚಳಿಯಲ್ಲಿ ಎಲ್ಲ ಕೀರ್ತನೆ ಮುಗಿಯುವವರೆಗೆ ನಿಂತು, ಬೇಕರಿಯವರ ಒಲೆಯಲ್ಲಿ ಬೇಯಿಸಿ ತಂದಿದ್ದ ಕೇಕನ್ನು ಹುಡುಗರಿಗೆಲ್ಲ ಹಂಚಿದರು. ಒಳಗೆ ಬಂದು ಮತ್ತೆ ಹಚ್ಚುವ ಹೊತ್ತಿಗೆ ಆರಾಧನೆಯ ಬಹುಭಾಗ ಮುಗಿದಿತ್ತು. “ಅವಳು ಕೇಳುತ್ತಿದ್ದಾಳಲ್ಲ, ಸಾಕು,” ಎಂದರು ಅಮ್ಮನವರು.

ಮರುದಿನ ಬೆಳಗಿನ ಆರಾಧನೆಯಾದ ಮೇಲೆ ಅಯ್ಯನವರು ವಾರ್ಡುಗಳಲ್ಲಿ ಹಾಸಿಗೆಗೊಂದರಂತೆ ಕಿತ್ತಳೆಹಣ್ಣು ಹಂಚಿದರು. ಅವರ ನಾಡಿನಲ್ಲಿ ಮಕ್ಕಳ ಕಾಲುಚೀಲದ ತುದಿಗೆ ಆ ದಿನ ಕಿತ್ತಳೆ ಹಾಕಿಡುವ ರೂಢಿಯಂತೆ. ಬಳಿಕ ಮನೆಮನೆಯ ಭೇಟಿ. ಹಬ್ಬದ ದಿನ ಸಭೆಯವರ ಮನೆಗಳಲ್ಲಿ ಕಜ್ಜಾಯವೋ ಅಚ್ಚುಮುರುಕೋ ತಿನ್ನದೆ ಯಾರೂ ಬಿಡುವುದಿಲ್ಲ. ಆದರೆ ಕಾಂಪೌಂಡಿನ ಕೊನೆಯಲ್ಲಿ ಕಸ ಗುಡಿಸುವ ಕುಟುಂಬದ ಮನೆಯೊಂದಿತ್ತು. ಅಲ್ಲಿಗೆ ಉಡುಗೊರೆ ಕಳುಹಿಸಿದರೆ ಸಾಕು, ಊಟಕ್ಕೆ ಕೂರುವ ಅಗತ್ಯವಿಲ್ಲವೆಂದು ಸಭೆಯ ಹಿರಿಯರೊಬ್ಬರು ಮೆಲ್ಲನೆ ಸೂಚಿಸಿದರು. ಚರ್ಚಿನಲ್ಲಿ ಒಂದೇ ಬಟ್ಟಲಿನಿಂದ ಕರ್ತನ ಭೋಜನ (ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ) ಸ್ವೀಕರಿಸುತ್ತಿದ್ದ ನಮ್ಮ ಮನೆಗಳಿಗೂ ಆ ಮನೆಗೂ ನಡುವೆ ಊಟದ ಬಳಕೆ ಇರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ.

ಆ ದಂಪತಿ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಹೋದರು, ಜೊತೆಗೆ ನಾನೂ ಹೋದೆ. ಮುದ್ದೆ, ಹಿದುಕಬೇಳೆ ಸಾರು ಸಿದ್ಧವಾಗಿತ್ತು. “ಅಮ್ಮಾವ್ರೇ, ತಟ್ಟೆ ನಮ್ಮದಲ್ಲ, ಆಸ್ಪತ್ರೆಯಿಂದ ಕೇಳಿ ತಂದಿದ್ದೀವಿ,” ಎಂದು ಮನೆಯಾಕೆ ಬಾಗಿಲಲ್ಲೇ ನಿಂತು ಹೇಳಿದರು. “ನಿಮ್ಮ ಮನೆ ತಟ್ಟೆಯಲ್ಲೇ ಬಡಿಸಿ. ನೀವೂ ಕೂತುಕೊಳ್ಳಿ,” ಎಂದರು ಅಮ್ಮನವರು. ಆಕೆ ಒಪ್ಪಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಜಜ್ಜಿದ ಅಲ್ಯೂಮಿನಿಯಂ ತಟ್ಟೆಗಳು ಬಂದವು, ಎಲ್ಲರೂ ನೆಲದ ಮೇಲೆ ಕುಳಿತೆವು, ಮುದ್ದೆಯನ್ನು ಅಗಿಯದೆ ನುಂಗಲು ಅಯ್ಯನವರು ಪಡುತ್ತಿದ್ದ ಪಾಡನ್ನು ನೋಡಿ ಆ ಮನೆಯ ಮಕ್ಕಳು ನಕ್ಕರು, ಅವರ ತಾಯಿಯೂ ನಕ್ಕರು.

ವಿದೇಶಿ ಮಿಷನರಿಗಳ ಕುರಿತ ವಾದವಿವಾದಗಳು ನನಗೆ ಗೊತ್ತು. ಅವರು ಕಟ್ಟಿದ ಆಸ್ಪತ್ರೆ, ಶಾಲೆಗಳ ಬಗ್ಗೆ ನನಗೆ ಗೌರವವಿದೆ. ಆದರೆ ಕೊಡುವವರನ್ನು ನಾನು ಬಹಳ ಕಂಡಿದ್ದೆ. ಕೊಟ್ಟಿದ್ದನ್ನು ಕೈಯೊಡ್ಡಿ ತೆಗೆದುಕೊಂಡು ಆ ಮನೆಯ ಅತಿಥಿಗಳಾಗಿ ಕುಳಿತವರನ್ನು ಕಂಡದ್ದು ಅಂದೇ ಮೊದಲು.

ಮುಂದಿನ ಡಿಸೆಂಬರಿನಲ್ಲಿ ಹಾಡುವ ತಂಡ ಸುತ್ತುವ ಮನೆಗಳ ಪಟ್ಟಿಗೆ ಆ ಮನೆಯೂ ಸೇರಿತು. ಸಭೆಯಲ್ಲಿ ಆ ಬಗ್ಗೆ ಚರ್ಚೆಯೇ ಆಗಲಿಲ್ಲ. ಕೆಲ ಕಾಲದ ನಂತರ ದಂಪತಿ ಲೀಡ್ಸ್‌ಗೆ ಮರಳಿದರು. ಪ್ರತಿ ವರ್ಷದ ಕ್ರಿಸ್ಮಸ್ ಪತ್ರದಲ್ಲಿ ಅಮ್ಮನವರು ಆ ಮನೆಯವರನ್ನು ಹೆಸರು ಹಿಡಿದು ವಿಚಾರಿಸಿ, ಅಲ್ಲಿ ಈ ಸಲ ಯಾರು ಯಾರು ಊಟ ಮಾಡಿದರೆಂದು ಕೇಳುತ್ತಿದ್ದರು. ನಾನು ಒಬ್ಬರನ್ನೂ ಬಿಡದೆ ಬರೆದು ತಿಳಿಸುತ್ತಿದ್ದೆ.