ನಯಾದಲ್ಲಿ ಬೆಹುಲಾಳ ಪಟ

ಬಾಳೆದಿಂಡಿನ ತೆಪ್ಪ. ಅದರ ಮೇಲೆ ಹಾವು ಕಚ್ಚಿ ಸತ್ತ ಲಖಿಂದರ, ಅವನ ತಲೆ ಬೆಹುಲಾಳ ತೊಡೆಯ ಮೇಲೆ. ಮದುವೆಯ ರಾತ್ರಿಯೇ ಗಂಡನನ್ನು ಕಳಕೊಂಡವಳು ಹೆಣದೊಂದಿಗೆ ಹೊಳೆಗಿಳಿದಿದ್ದಾಳೆ. ಹಾಡುತ್ತಿದ್ದ ಹೆಂಗಸಿನ ತೋರುಬೆರಳು ಅಲ್ಲಿಗೆ ಬಂದು ನಿಂತಿತು. ಸಾಲಿನ ಕೊನೆಯ ಸ್ವರ ಎಳೆದಷ್ಟೂ ಸಣ್ಣಗಾಯಿತು. ತಾಳವಿಲ್ಲ, ವಾದ್ಯವಿಲ್ಲ. ಜಗುಲಿಯ ಮೇಲೆ ಒಂದು ದನಿ, ಒಂದು ಪಟ: ಹಾಡುತ್ತ ಬಿಚ್ಚುವ ಚಿತ್ರದ ಸುರುಳಿ. ಬಂಗಾಳಿ ಅರೆಬರೆ ತಿಳಿದವರಿಗೂ ಗಂಟಲು ಕಟ್ಟುತ್ತದೆ.

ನಯಾ ಇರುವುದು ಪಶ್ಚಿಮ ಬಂಗಾಳದ ಪಶ್ಚಿಮ ಮೇದಿನಿಪುರ ಜಿಲ್ಲೆಯ ಪಿಂಗ್ಲಾದಲ್ಲಿ. ಬೆಂಗಳೂರಿನಿಂದ ಹೌರಾ ರೈಲು ಹತ್ತಿದವರು ಹೌರಾದವರೆಗೆ ಹೋಗಬೇಕಿಲ್ಲ. ಖರಗ್‌ಪುರದಲ್ಲಿ ಇಳಿದು, ಹೌರಾ ಕಡೆಯ ಲೋಕಲ್ ಹಿಡಿದರೆ ಬಾಲಿಚಕ್. ಮುಂದಿನದು ರಸ್ತೆ ದಾರಿ. ನವೆಂಬರಿನ 'ಪಟಮಾಯಾ' ಮೇಳ ನೋಡುವುದಕ್ಕೆ ಚೆಂದ, ಕೇಳುವುದಕ್ಕಲ್ಲ: ಒಂದು ಮನೆಯ ಹಾಡಿನ ಮೇಲೆ ಪಕ್ಕದ ಮನೆಯ ಹಾಡು ಬಂದು ಬೀಳುತ್ತದೆ. ಮೇಳ ಮುಗಿದ ಮೇಲೆ, ಬೆಳಗಿನ ಹೊತ್ತು ಹೋಗಬೇಕು.

ಪಟ ಬರೆದು ಹಾಡುವ ಇಲ್ಲಿನ ಪಟುವಾಗಳ ಮನೆತನದ ಹೆಸರು ಚಿತ್ರಕರ್. ಹೆಚ್ಚಿನವರು ಮುಸಲ್ಮಾನರು, ಹಾಡುವುದು ಹಾವುಗಳ ದೇವತೆ ಮನಸಾದೇವಿಯನ್ನು, ರಾಮನನ್ನು, ದುರ್ಗೆಯನ್ನು. 2004ರ ಸುನಾಮಿಯೂ ಪಟವಾಗಿದೆ.

"ಇದನ್ನು ಬಿಡಿಸೋಕೆ ಎಷ್ಟು ದಿನ ಬೇಕು, ದೀದಿ?" ಎಂಬ ನನ್ನ ಪ್ರಶ್ನೆಯನ್ನು ಹಾಡುತ್ತಿದ್ದಾಕೆ ತಿದ್ದಿದರು. ಪಟವನ್ನು ಬಿಡಿಸುವುದಲ್ಲ, ಬರೆಯುವುದು. ನಮ್ಮಲ್ಲೂ ಚಿತ್ರ 'ಬರೆಯುತ್ತೇವೆ' ಎಂದಾಗ ಮುಖ ಅರಳಿತು. ಪಟ ಎಂಬ ಮಾತೂ ಎರಡೂ ಕಡೆ ಒಂದೇ.

"ಹಾಗಾದರೆ ಪಟ ಇಲ್ಲದೆ ಹಾಡಬಹುದೇ?"

"ಹಾಡಬಹುದು. ಆದರೆ ಬೆರಳನ್ನು ಎಲ್ಲಿಡಲಿ?"

ಬೆರಳೇ ಇಲ್ಲಿ ತಾಳ. ಒಂದು ಅಂಕಣದ ಹಾಡು ಮುಗಿದಂತೆ ಅದು ಮೇಲೆ ಸುತ್ತಿಕೊಳ್ಳುತ್ತದೆ, ಕೆಳಗಿನದು ಬಿಚ್ಚಿಕೊಳ್ಳುತ್ತದೆ. ಹಾಡಿ ಹಾಡಿ ಹಳತಾದ ಆ ಪಟದಲ್ಲಿ ಬೆರಳು ಓಡಾಡುವ ಜಾಡಿನಲ್ಲಿ ಬಣ್ಣ ಸವೆದಿತ್ತು.

ಕಾಗದದ ಹಾಳೆಗಳನ್ನು ಉದ್ದಕ್ಕೆ ಜೋಡಿಸಿ, ಹಿಂದೆ ಹಳೆಯ ಸೀರೆಯ ಬಟ್ಟೆ ಅಂಟಿಸುತ್ತಾರೆ. ಬಟ್ಟೆ ಇಲ್ಲದ್ದನ್ನು ಕೊಳ್ಳಬೇಡಿ, ನಾಲ್ಕು ಸಲ ಸುತ್ತಿದರೆ ಅಂಚು ಹರಿಯುತ್ತದೆ. ನೀಲಿಗೆ ಶಂಖಪುಷ್ಪ, ಹಳದಿಗೆ ಅರಿಸಿನ, ಹಸಿರಿಗೆ ಅವರೆ ಎಲೆ, ಕಪ್ಪಿಗೆ ದೀಪದ ಮಸಿ. ತೆಂಗಿನ ಚಿಪ್ಪಿನಲ್ಲಿ ಬೇಲದಂಥ ಬಿಲ್ವದ ಕಾಯಿಯ ಅಂಟು ಬೆರೆಸಿ ಬಿಸಿಲಿಗಿಡುತ್ತಾರೆ. ಕೆಟಲ್, ತಟ್ಟೆಗಳ ಮೇಲಿನ ಚಿತ್ರಗಳು ಅಂಗಡಿ ಬಣ್ಣದವು. ಅವು ಹಾಡುವುದಿಲ್ಲ, ನನಗೆ ಬೇಡ. ಕೊಳ್ಳುವ ಮೊದಲು ಪೂರ್ತಿ ಹಾಡಿಸಿ, ಹಾಡಿಗೂ ಹಣ ಕೊಡಿ.

ಪಟವನ್ನು ಮಡಚಬಾರದು, ಕೊಳವೆಯಲ್ಲಿ ಸುತ್ತಿಡಬೇಕು. ನೀರಿನ ಬಾಟಲಿ ಅದರ ಹತ್ತಿರವೂ ಇರಕೂಡದು. ಆ ಪಟ ಕೊಂಡು ವಾಪಸು ಬರುವಾಗ ಚೀಲದಲ್ಲಿ ಬಾಟಲಿ ಸೋರಿ, ತೆಪ್ಪದ ಕೆಳಗಿನ ಹೊಳೆಯ ನೀಲಿ ಬೆಹುಲಾಳ ಸೆರಗಿಗೆ ಹರಡಿತು. ಸಸ್ಯದ ಬಣ್ಣ, ಕಾಯಿಯ ಅಂಟು, ಒರೆಸಿದಷ್ಟೂ ಹಬ್ಬುತ್ತದೆ. ಇವತ್ತಿಗೂ ಅದನ್ನು ಬಿಚ್ಚಿದಾಗ ಹೊಟ್ಟೆ ಉರಿಯುತ್ತದೆ.

ಕಥೆಯಲ್ಲಿ ಬೆಹುಲಾ ದೇವಸಭೆಯಲ್ಲಿ ಕುಣಿದು ಗಂಡನ ಪ್ರಾಣ ಪಡೆಯುತ್ತಾಳೆ. ಮನಸಾಳನ್ನು ಪೂಜಿಸಲೊಲ್ಲದ ಅವಳ ಮಾವ ಚಾಂದ್ ಸದಾಗರ ಕೊನೆಗೂ ಆ ದೇವಿಗೆ ಹೂವಿಡುತ್ತಾನೆ, ಮುಖ ತಿರುಗಿಸಿ, ಎಡಗೈಯಲ್ಲಿ. ಆ ಅಂಕಣಕ್ಕೆ ಬಂದಾಗ ಹಾಡಿನ ಓಟ ಹೆಚ್ಚಿತು. ಕಡೆಯ ಸಾಲಿನಲ್ಲಿ, ದಾಸರ ಪದದ ಅಂಕಿತದ ಹಾಗೆ, ಆಕೆ ತನ್ನ ಹೆಸರನ್ನೂ ನಯಾ ಊರನ್ನೂ ಹಾಡಿ ಪಟ ಸುತ್ತಿದರು.