ಮಣ್ಣು ಮಾಡಿದ ಜಾಗದಲ್ಲೊಂದು ಕರಿಬೇವು

ಹಿರಿಯರು ತೀರಿಕೊಂಡರೆ ಪಿಂಡ ಮುಟ್ಟಲು ಕಾಗೆ ಬರಲಿ ಅಂತ ಕಾಯುತ್ತೇವೆ. ಹನ್ನೆರಡು ವರ್ಷ ಬಾಗಿಲು ಕಾದ ನಾಯಿಗೆ, ತೊಡೆ ಮೇಲೆ ಮಲಗುತ್ತಿದ್ದ ಬೆಕ್ಕಿಗೆ ಅಂಥ ಶಾಸ್ತ್ರವಿಲ್ಲ. ಹಾಗಾಗಿ ಮಣ್ಣು ಮಾಡಿದ ಕಡೆ ಗಿಡ ನೆಟ್ಟು, ಚಿಟ್ಟೆ ಬಂದು ಕೂತರೆ ಅದೇ ಬಂತು ಅಂದುಕೊಳ್ಳುವವರಿದ್ದಾರೆ. ಒಳ್ಳೆಯ ಆಸೆ. ಅದು ಈಡೇರಬೇಕಾದರೆ ಗುಂಡಿಯೂ ಸರಿಯಿರಬೇಕು, ಗಿಡವೂ ಸರಿಯಿರಬೇಕು.

ಉಸಿರು ನಿಂತ ಎರಡು ಮೂರು ಗಂಟೆಯಲ್ಲಿ ಮೈ ಸೆಟೆಯತೊಡಗುತ್ತದೆ. ಅಷ್ಟರೊಳಗೆ ಕಾಲು ಮಡಚಿ ಮಲಗಿಸಿ, ರೆಪ್ಪೆ ಮುಚ್ಚಿ, ಕೆಳಗೆ ನಾಲ್ಕು ಪದರ ಹಳೆ ಪೇಪರ್ ಹಾಸಿ. ಲ್ಯಾಬ್ರಡಾರ್ ಗಾತ್ರದ ನಾಯಿಗೆ 4 ಅಡಿ ಉದ್ದ, 2.5 ಅಡಿ ಅಗಲ, 4 ಅಡಿ ಆಳ ಬೇಕು. ಬೆಕ್ಕಿಗೆ ಉದ್ದ ಅಗಲ ಕಡಿಮೆ ಸಾಕು, ಆದರೆ ದೇಹದ ಮೇಲೆ 3 ಅಡಿ ಮಣ್ಣು ಇರಲೇಬೇಕು. ಬೇಸಿಗೆಯಲ್ಲಿ ನಮ್ಮ ಕೆಂಪು ಮಣ್ಣಿಗೆ ಹಾರೆ ಇಳಿಯುವುದಿಲ್ಲ. ಒಂದಡಿ ಅಗೆದು, ಎರಡು ಕೊಡ ನೀರು ಬಿಟ್ಟು, ಅರ್ಧ ಗಂಟೆ ಕಾಯಿರಿ. ಸುಸ್ತಾಗಿ ಎರಡಡಿಗೇ ನಿಲ್ಲಿಸಿದ ಗುಂಡಿಯನ್ನು ಬೀದಿನಾಯಿಗಳು ಕೆದಕುತ್ತವೆ. ದೇಹಕ್ಕೆ ಸುತ್ತಲು ಹತ್ತಿ ಬಟ್ಟೆ ಮಾತ್ರ. ಪ್ಲಾಸ್ಟಿಕ್ ಕವರ್, ಪಾಲಿಯೆಸ್ಟರ್ ಹೊದಿಕೆ ಬೇಡ. ಸುಣ್ಣ ಸುರಿದರೆ ಬೇಗ ಮಣ್ಣಾಗುತ್ತದೆ ಅನ್ನುವುದು ತಪ್ಪು, ಅದು ಕೊಳೆಯುವುದನ್ನು ನಿಧಾನ ಮಾಡುತ್ತದೆ. ಮೇಲೆ ಅರ್ಧ ಅಡಿ ದಿಬ್ಬ ಮಾಡಿ ಸೈಜುಗಲ್ಲು ಹೇರಿ. ಬೋರ್‌ವೆಲ್, ಸಂಪಿನ ಪಕ್ಕ ಬೇಡ.

ಡಾಕ್ಟರು ಇಂಜೆಕ್ಷನ್ ಕೊಟ್ಟು ಕಣ್ಣು ಮುಚ್ಚಿಸಿದ್ದರೆ ಆಳ ಇನ್ನೂ ಮುಖ್ಯ. ಆ ಔಷಧಿ ದೇಹದಲ್ಲೇ ಉಳಿದಿರುತ್ತದೆ, ಕೆದಕಿ ತಿಂದ ನಾಯಿ, ಹದ್ದು ಸಾಯಬಹುದು. ಹುಚ್ಚುನಾಯಿ ರೋಗದ ಅನುಮಾನವಿದ್ದರೆ ಬರಿಗೈಯಲ್ಲಿ ಮುಟ್ಟಲೇಬೇಡಿ, ಮೊದಲು ಪಶುವೈದ್ಯರಿಗೆ ತಿಳಿಸಿ. ಮೂರನೇ ದಿನ ಹಾಲು ತುಪ್ಪ ಬಿಡುವ ಪದ್ಧತಿ ಇರುವವರು ಸಣ್ಣ ಬಟ್ಟಲಲ್ಲಿಟ್ಟು ಕೈಮುಗಿದು, ಆಮೇಲೆ ತೆಗೆದುಬಿಡಿ. ನೆಲಕ್ಕೆ ಸುರಿದರೆ ವಾಸನೆಗೆ ನಾಯಿ ಬರುತ್ತದೆ, ಇರುವೆ ಸಾಲುಗಟ್ಟುತ್ತದೆ. ಚಿಟ್ಟೆಯ ಮೊಟ್ಟೆಯನ್ನು ಹೊತ್ತೊಯ್ಯುವವರಲ್ಲಿ ಇರುವೆಯೂ ಒಂದು.

ಥರ್ಟಿ ಫಾರ್ಟಿ ಸೈಟಿನಲ್ಲಿ ಒಂದಿಂಚೂ ಮಣ್ಣು ಉಳಿದಿಲ್ಲ ಅನ್ನುವವರಿಗೆ ಬೆಂಗಳೂರಿನ ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರವಿದೆ, ಕೆಂಗೇರಿ ಕಡೆ ಸಾಕುಪ್ರಾಣಿಗಳ ಸ್ಮಶಾನವಿದೆ. ಬೂದಿ ತಂದು ಕುಂಡಕ್ಕೆ ಹಾಕುವುದಾದರೆ ಒಂದು ಬಾಂಡ್ಲಿ ಮಣ್ಣಿಗೆ ಒಂದು ಹಿಡಿ, ಅದಕ್ಕಿಂತ ಹೆಚ್ಚು ಬೇಡ. ಬೂದಿ ಕ್ಷಾರ, ಉಪ್ಪೂ ಇರುತ್ತದೆ. ಜಾಸ್ತಿಯಾದರೆ ಚಿಗುರು ಹಳದಿಯಾಗಿ ಬೇರು ಸುಡುತ್ತದೆ.

ಇನ್ನು ಗಿಡ. ನರ್ಸರಿಗೆ ಹೋಗಿ ಬಣ್ಣದ ಹೂವಿನ ಗಿಡ ತರುವುದೇ ಎಲ್ಲರೂ ಮಾಡುವ ತಪ್ಪು. ಹೂವಿಗೆ ಬಂದ ಚಿಟ್ಟೆ ಮಕರಂದ ಕುಡಿದು ಹೋಗುತ್ತದೆ ಅಷ್ಟೆ. ಅದು ಉಳಿಯಬೇಕಾದರೆ ಅದರ ಮರಿ, ಅಂದರೆ ಹುಳು, ತಿನ್ನುವ ಎಲೆ ಬೇಕು, ಒಂದೊಂದು ಜಾತಿಗೆ ಒಂದೊಂದು ಎಲೆ. ಬೆಂಗಳೂರಿನ ಮನೆಗೆ ನನ್ನ ಆಯ್ಕೆ ಕರಿಬೇವು. ನಿಂಬೆ ಚಿಟ್ಟೆ, ಕಾಮನ್ ಮಾರ್ಮನ್ ಎರಡೂ ಅದರ ಮೇಲೆ ಮೊಟ್ಟೆ ಇಡುತ್ತವೆ. ಸಂಪಿಗೆಗೆ, ಕಾಂಪೌಂಡಿನ ಉದ್ದನೆಯ ಅಶೋಕಕ್ಕೆ ಹಸಿರು ಚುಕ್ಕೆಯ ಟೇಲ್ಡ್ ಜೇ ಬರುತ್ತದೆ. ಈಶ್ವರಿ ಬಳ್ಳಿಗೆ ಕ್ರಿಮ್ಸನ್ ರೋಸ್ ಚಿಟ್ಟೆ. ಎಕ್ಕ, ಕಣಗಿಲೆ ಕೂಡ ಚಿಟ್ಟೆಯ ಗಿಡಗಳೇ, ಆದರೆ ಮನೆಯಲ್ಲಿ ಇನ್ನೊಂದು ನಾಯಿಮರಿ ಇದ್ದರೆ ನೆಡಬೇಡಿ. ಎರಡೂ ವಿಷ.

ಸಸಿಯನ್ನು ಗುಂಡಿಯ ನೆತ್ತಿಗೆ ನೆಡಬೇಡಿ. ಕೆಳಗೆ ಕೊಳೆಯುತ್ತಿದ್ದಂತೆ ಮಣ್ಣು ಕುಸಿದು ಬೇರು ಜೋತಾಡುತ್ತದೆ. ಅಂಚಿನಿಂದ ಎರಡಡಿ ಆಚೆ ನೆಡಿ, ಇಲ್ಲವೇ ಒಂದು ಮಳೆಗಾಲ ಕಳೆಯಲಿ. ಪಕ್ಕದ ಮನೆಯ ಕರಿಬೇವಿನ ಬುಡದಲ್ಲಿ ಎದ್ದ ಮರಿಯನ್ನು ಬೇರುಸಮೇತ ಕೇಳಿ ತಂದರೆ ಉತ್ತಮ. ನರ್ಸರಿಯ ಸಸಿಗೆ ಕೀಟನಾಶಕ ಹೊಡೆದಿದ್ದರೆ ಮೊದಲ ಚಿಗುರು ತಿಂದ ಹುಳುಗಳೇ ಸಾಯುತ್ತವೆ. ಒಂದಲ್ಲ, ಎರಡು ಗಿಡ ನೆಡಿ. ಎರಡಡಿ ಗಿಡವನ್ನು ನಾಲ್ಕೈದು ಹುಳು ಬೋಳಿಸಿಬಿಡಬಲ್ಲವು.

ಮೊಟ್ಟೆ ಎಳೆ ಚಿಗುರಿನಲ್ಲಿರುತ್ತದೆ: ತಿಳಿ ಹಳದಿ, ಗುಂಡಗೆ, ರಾಗಿ ಕಾಳಿನಷ್ಟು. ಮೂರು ನಾಲ್ಕು ದಿನಕ್ಕೆ ಹುಳು. ಮೊದಮೊದಲು ಕಂದು ಬಿಳಿ ಬಣ್ಣದಲ್ಲಿ ಥೇಟ್ ಹಕ್ಕಿ ಹಿಕ್ಕೆ, ಕಡೆಯ ಪೊರೆ ಕಳಚಿದ ಮೇಲೆ ಎಲೆಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತದೆ. ಗಿಡಕ್ಕೆ ರೋಗ ಬಂತೆಂದು ಅಜ್ಜಿಯರು ಚಿವುಟಿ ಬಿಸಾಡುವುದು ಇದನ್ನೇ. ದಯವಿಟ್ಟು ತೋರಿಸಿ ಹೇಳಿ. ಬೋಳಾದ ಕರಿಬೇವು ಮತ್ತೆ ಚಿಗುರುತ್ತದೆ.

ಒಂದು ವಿಷಯ ಯಾರೂ ಯೋಚಿಸುವುದಿಲ್ಲ. ಉಣ್ಣೆಗೆಂದು ನಾಯಿಯ ಬೆನ್ನಿಗೆ ಬಿಡುವ ಹನಿಯಲ್ಲಿ, ಹಚ್ಚುವ ಪುಡಿಯಲ್ಲಿ ಫಿಪ್ರೊನಿಲ್, ಪರ್ಮೆಥ್ರಿನ್ ತರಹದ ವಿಷಗಳಿರುತ್ತವೆ. ಉಣ್ಣೆ, ಚಿಗಟ, ಚಿಟ್ಟೆಮರಿ ಅನ್ನುವ ಭೇದ ಅವಕ್ಕಿಲ್ಲ. ನಾಯಿಯ ಹಾಸಿಗೆ ತೊಳೆದ ನೀರು, ಉಳಿದ ಪುಡಿ, ಎರಡೂ ಆ ಗಿಡದ ಬುಡಕ್ಕೆ ಹೋಗಬಾರದು. ಇರುವೆಗೆ ಎಳೆಯುವ ಸೀಮೆಸುಣ್ಣ ಬೇಡ. ಬೇವಿನೆಣ್ಣೆ ಸಾವಯವ ಅಂತ ಸಿಂಪಡಿಸಿದರೂ ಹುಳು ಬೆಳೆಯದೆ ಸಾಯುತ್ತದೆ.

ಊರಲ್ಲಿ ಚಿಟ್ಟೆ ಕಡಿಮೆಯಾಗಲು ದೊಡ್ಡ ಕಾರಣ ಎಲೆ ಸಿಗದಿರುವುದು. ಖಾಲಿ ಸೈಟಿನ ಎಕ್ಕವನ್ನು ಜೆಸಿಬಿ ಒಂದೇ ಬೆಳಿಗ್ಗೆ ಬಳಿದುಹಾಕಿದರೆ ಅದನ್ನೇ ನಂಬಿದ ಪ್ಲೇನ್ ಟೈಗರ್ ಚಿಟ್ಟೆಯ ಮರಿಗಳೂ ಹೋಗುತ್ತವೆ. ಪಾರ್ಕಿನಲ್ಲಿ ಬೇಲಿ ಬುಡದ ಕಳೆ ಕಿತ್ತು ಹುಲ್ಲುಹಾಸು ಮಾಡುತ್ತಾರೆ. ಸೊಳ್ಳೆಗೆ ಹೊಡೆಯುವ ಹೊಗೆ ಬೇರೆ. ನಿಮ್ಮ ಬೀದಿಗೆ ಹೊಗೆ ಬಂದ ದಿನ ಗಿಡಕ್ಕೆ ಹಳೆ ಬೆಡ್‌ಶೀಟ್ ಹೊದಿಸಿ, ಎರಡು ಗಂಟೆ ಬಿಟ್ಟು ತೆಗೆಯಿರಿ.

ಎರಡು ವಾರ ತಿಂದ ಹುಳು ಎಲೆ ಬಿಟ್ಟು ಅಲೆಯತೊಡಗಿ, ಕಡ್ಡಿಗೋ ಸೈಜುಗಲ್ಲಿನ ಸಂದಿಗೋ ಸೊಂಟಕ್ಕೊಂದು ರೇಷ್ಮೆ ದಾರ ಬಿಗಿದುಕೊಂಡು ಕೋಶವಾಗುತ್ತದೆ. ಆ ಹತ್ತು ದಿನ ಕಲ್ಲು ಜರುಗಿಸಬೇಡಿ, ಒಣಕಡ್ಡಿ ಗುಡಿಸಬೇಡಿ. ಬೆಳಗಿನ ಹೊತ್ತು ಹೊರಬಂದ ಚಿಟ್ಟೆ ರೆಕ್ಕೆ ಒಣಗುವವರೆಗೆ ಒಂದೆರಡು ಗಂಟೆ ಅಲ್ಲೇ ಜೋತುಬಿದ್ದಿರುತ್ತದೆ. ಪಕ್ಕದಲ್ಲಿ ಸದ್ದಿಲ್ಲದೆ ಕೂತು ನೋಡಬಹುದು.