ಅಪ್ಪಂ ಬೇಯದ ಮನೆಯಲ್ಲಿ ಪೆಸಹಾ ರಾತ್ರಿ

ಈ ಸಲ ತಪಸ್ಸು ಕಾಲದ, ಅಂದರೆ ಈಸ್ಟರ್ ಮುಂಚಿನ ಉಪವಾಸದ ದಿನಗಳ, ಕೊನೆಯ ವಾರ ಕೇರಳದ ಮಲಯಾಟ್ಟೂರಿಗೆ ಹೋಗಬೇಕೆಂದು ನಾನೂ ನನ್ನ ತಮ್ಮನೂ ಕ್ರಿಸ್ಮಸ್ ಹೊತ್ತಿಗೇ ಮಾತಾಡಿಕೊಂಡಿದ್ದೆವು. ಎರ್ನಾಕುಲಂ ಜಿಲ್ಲೆಯಲ್ಲಿ, ಶಂಕರಾಚಾರ್ಯರು ಹುಟ್ಟಿದ ಕಾಲಡಿಯಿಂದ ಸ್ವಲ್ಪ ಮುಂದೆ, ಪೆರಿಯಾರ್ ನದಿಯ ದಡದಲ್ಲಿರುವ ಊರದು. ಊರಿನ ಪಕ್ಕದಲ್ಲೇ ಕುರಿಶುಮುಡಿ ಬೆಟ್ಟ. ಯೇಸುವಿನ ಶಿಷ್ಯ ಸಂತ ತೋಮರು ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರಿನ ಹತ್ತಿರ ಹಡಗಿಳಿದರು, ಆಮೇಲೆ ಈ ಬೆಟ್ಟಕ್ಕೆ ಬಂದು ಪ್ರಾರ್ಥನೆ ಮಾಡಿದರು ಎಂದು ಅಲ್ಲಿನ ಕ್ರೈಸ್ತರು ನಂಬುತ್ತಾರೆ. ತಪಸ್ಸು ಕಾಲ ಶುರುವಾದರೆ ಸಾಕು, ಜನ ಮರದ ಶಿಲುಬೆ ಹೊತ್ತು ಎಲ್ಲೆಲ್ಲಿಂದಲೋ ನಡೆದು ಬರುತ್ತಾರೆ.

ರೈಲಿನ ಪ್ರಯಾಣದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಆಲುವಾದಲ್ಲಿ ಇಳಿದು ಬಸ್ಸು ಹಿಡಿದೆವು. ಲಾಡ್ಜಿನ ಕತೆ ಮಾತ್ರ ಹೇಳಲೇಬೇಕು, ಇನ್ನೂ ಹೊಟ್ಟೆ ಉರಿಯುತ್ತಿದೆ. ತಿಂಗಳ ಮುಂಚೆಯೇ ಫೋನಿನಲ್ಲಿ ರೂಮು ಹೇಳಿ, ಮುಂಗಡ ಕಳಿಸಿ, ಹೊರಡುವ ಹಿಂದಿನ ದಿನ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಿದ್ದೆವು. ಹೋಗಿ ನೋಡಿದರೆ ನಮ್ಮ ರೂಮು ಬೇರೆ ಯಾರಿಗೋ ಹೋಗಿದೆ, ಅದೂ ಜಾಸ್ತಿ ದುಡ್ಡಿಗೆ. "ಸೀಸನ್ ಅಲ್ವಾ ಸಾರ್" ಎಂಬುದಷ್ಟೇ ಉತ್ತರ. ಮುಂಗಡ ವಾಪಸ್ ಬಂದಿಲ್ಲ. ಪವಿತ್ರ ವಾರದಲ್ಲಿ, ಅಂದರೆ ಈ ಕೊನೆಯ ವಾರ, ಹೋಗುವವರು ದಿನಾಂಕ, ಬಾಡಿಗೆ ಎರಡನ್ನೂ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಇನ್ನೂ ಒಳ್ಳೆಯದೆಂದರೆ ಬೆಟ್ಟದ ಹತ್ತಿರ ಹುಡುಕದೆ ಅಂಗಮಾಲಿಯಲ್ಲೋ ಆಲುವಾದಲ್ಲೋ ಉಳಿದುಕೊಳ್ಳಿ. ರೈಲಿನ ಟಿಕೆಟ್ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ತೆರೆದ ದಿನವೇ ಮಾಡಿಸಿ.

ಬೇರೆ ದಾರಿ ಕಾಣದೆ ನನ್ನ ಆಫೀಸಿನ ಗೆಳತಿಗೆ ಫೋನ್ ಮಾಡಿದೆ. ಅವಳ ತಾಯಿಯ ಮನೆ ಅಂಗಮಾಲಿಯ ಆಚೆಗಿನ ಹಳ್ಳಿಯಲ್ಲಿ. ರಜೆಗೆ ಬಂದಿದ್ದಾಳೆಂದು ಗೊತ್ತಿತ್ತು. ಕೇರಳಕ್ಕೆ ಹೋಗುತ್ತೇವೆ ಎಂದಾಗ ಅವಳು ಮನೆಗೆ ಬನ್ನಿ ಎಂದಿರಲಿಲ್ಲ, ಅದೇಕೆಂದು ಈಗ ತಿಳಿಯಿತು. "ಪಪ್ಪ ಹೋಗಿ ಇನ್ನೂ ವರ್ಷ ಆಗಿಲ್ಲ. ಈ ಸಲ ನಮ್ಮನೇಲಿ ಪೆಸಹಾ ಮಾಡಲ್ಲ. ನಿಮಗೆ ಬೇಜಾರಾಗುತ್ತೇನೋ ಅಂತ ಕರೀಲಿಲ್ಲ. ಈಗ ಸುಮ್ನೆ ಆಟೋ ಹತ್ತಿ ಬಂದುಬಿಡಿ" ಎಂದಳು. ಪೆಸಹಾ ಎಂದರೆ ಪವಿತ್ರ ಗುರುವಾರ ರಾತ್ರಿ ಮನೆಯಲ್ಲಿ ಅಪ್ಪಂ ಕತ್ತರಿಸಿ ಹಂಚುವ ಆಚರಣೆ.

ಗುರುವಾರ ಬೆಳಗಿನ ಜಾವ ಬೆಟ್ಟ ಹತ್ತಿದೆವು. ಕತ್ತಲಲ್ಲೇ ಹೊರಟಿದ್ದು ಒಳ್ಳೆಯದಾಯಿತು, ಬಿಸಿಲೇರಿದರೆ ಆ ಬಂಡೆಗಳ ಮೇಲೆ ಕಾಲಿಡಲಾಗುವುದಿಲ್ಲ. ದಾರಿಯುದ್ದಕ್ಕೂ ಶಿಲುಬೆ ಹಾದಿಯ, ಅಂದರೆ ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ, 14 ಸ್ಥಳಗಳಿವೆ. ಪ್ರತಿಯೊಂದರಲ್ಲೂ ಗುಂಪುಗಳು ನಿಂತು ಪ್ರಾರ್ಥಿಸುತ್ತವೆ. "ಪೊನ್ನುಂ ಕುರಿಶು ಮುತ್ತಪ್ಪೋ, ಪೊನ್ಮಲ ಕಯಟ್ಟಂ" (ಚಿನ್ನದ ಶಿಲುಬೆಯ ಮುತ್ತಪ್ಪನೇ, ಚಿನ್ನದ ಬೆಟ್ಟ ಹತ್ತುತ್ತೇವೆ ಎಂಬರ್ಥ) ಎಂದು ಒಬ್ಬರು ಕೂಗಿದರೆ ಇಡೀ ಗುಂಪು ದನಿಗೂಡಿಸುತ್ತದೆ. ಹೊತ್ತು ತಂದ ಶಿಲುಬೆಗಳನ್ನು ಜನ ಮೇಲೆಯೇ ಬಿಟ್ಟು ಬರುತ್ತಾರೆ. ಬೆಟ್ಟ ನನಗೆ ಹಿಡಿಸಿತು. ದಾರಿಬದಿಯಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಬಾಟಲಿಗಳೂ ಕೆಳಗಿನ ಮೈಕಿನ ಅಬ್ಬರವೂ ಹಿಡಿಸಲಿಲ್ಲ. ಉಪವಾಸವಿದ್ದು ಬೆಟ್ಟ ಹತ್ತುವವರು ಖಾಲಿ ಬಾಟಲಿಯನ್ನು ಕೆಳಗೆ ಹೊತ್ತು ತರಬಾರದೇ?

ನಾನು ಬರೆಯಲು ಕೂತದ್ದು ಅವತ್ತಿನ ರಾತ್ರಿಯ ಬಗ್ಗೆ.

ಸಂತ ತೋಮರಿಂದ ಬಂದವರೆಂದು ಹೇಳಿಕೊಳ್ಳುವ ಕೇರಳದ ಸಿರಿಯನ್ ಕ್ರೈಸ್ತರಿಗೆ ತಪಸ್ಸು ಕಾಲವೆಂದರೆ 50 ದಿನಗಳ ನೋಂಬು, ಅಂದರೆ ವ್ರತ. ನಮ್ಮ ಕಡೆಯ ಕಥೋಲಿಕರಂತೆ ಬೂದಿ ಬುಧವಾರ ಅಲ್ಲ, ಅದಕ್ಕಿಂತ ಎರಡು ದಿನ ಮೊದಲು, ಸೋಮವಾರವೇ ಅವರಲ್ಲಿನ ಸೀರೋ ಮಲಬಾರ್ ಸಭೆಯವರು ಶುರುಮಾಡುತ್ತಾರೆ. ಮಾಂಸ, ಮೀನು, ಮೊಟ್ಟೆ ಬಿಡುತ್ತಾರೆ. ಕೆಲವರು ಹಾಲನ್ನೂ ಬಿಡುತ್ತಾರೆ. ಮೀನಿಲ್ಲದೆ ಊಟವೇ ಇಲ್ಲದ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಪವಿತ್ರ ಗುರುವಾರ, ಅಂದರೆ ಯೇಸು ಶಿಷ್ಯರ ಪಾದ ತೊಳೆದು ಕಡೆಯ ಊಟ ಮಾಡಿದ ರಾತ್ರಿ, ಮನೆಮನೆಯಲ್ಲೂ ಪೆಸಹಾ ಅಪ್ಪಂ ಮಾಡುತ್ತಾರೆ. ಅಕ್ಕಿಹಿಟ್ಟು, ಉದ್ದು, ತೆಂಗಿನಕಾಯಿ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ ಇಷ್ಟೇ. ಹುಳಿ ಬರಿಸದೆ ಹಬೆಯಲ್ಲಿ ಬೇಯಿಸುತ್ತಾರೆ. ಗರಿಗಳ ಭಾನುವಾರ ಚರ್ಚಿನಲ್ಲಿ ಕೊಟ್ಟ ಗರಿಯಿಂದ ಪುಟ್ಟ ಶಿಲುಬೆ ಮಾಡಿ ಅದರ ಮೇಲಿಡುತ್ತಾರೆ. ಜೊತೆಗೆ ತೆಂಗಿನಹಾಲು, ಬೆಲ್ಲ, ಶುಂಠಿ, ಏಲಕ್ಕಿ ಹಾಕಿ ಕಾಯಿಸಿದ ಪಾಲ್. ಮನೆಯ ಹಿರಿಯರು ಪ್ರಾರ್ಥಿಸಿ, ಅಪ್ಪಂ ಕತ್ತರಿಸಿ, ಪಾಲಿನಲ್ಲಿ ಅದ್ದಿ ಒಬ್ಬೊಬ್ಬರಿಗೇ ಕೊಡುತ್ತಾರೆ. ಎರಡೂ ಕೈ ಒಡ್ಡಿ ತೆಗೆದುಕೊಳ್ಳಬೇಕು.

ಆ ವರ್ಷ ಸಾವಾದ ಮನೆಯಲ್ಲಿ ಇದನ್ನು ಮಾಡುವುದಿಲ್ಲ. ನೆರೆಹೊರೆಯವರೇ ತಂದುಕೊಡುತ್ತಾರೆ. ಇಷ್ಟನ್ನು ಗೆಳತಿ ಆಟೋ ಇಳಿದ ಕೂಡಲೇ ಹೇಳಿದ್ದಳು. ನಾನು ಅದನ್ನೊಂದು ಪದ್ಧತಿ ಎಂದು ಕೇಳಿ ಬಿಟ್ಟಿದ್ದೆ.

ಚರ್ಚಿನಿಂದ ಬಂದು ಕೈಕಾಲು ತೊಳೆದು ಕುಳಿತೆವು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು, ಒಲೆಯ ಮೇಲೆ ಏನೂ ಇರಲಿಲ್ಲ. ಗೆಳತಿಯ ತಾಯಿ, ಅಮ್ಮಚ್ಚಿ, ಊಟದ ಮೇಜನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಮೇಜಿನ ತಲೆಯ ಕುರ್ಚಿ ಖಾಲಿ ಇತ್ತು. ಯಾರೂ ಅದನ್ನು ಸರಿಸಿರಲಿಲ್ಲ.

ಮೊದಲು ಬಂದವರು ಹಿಂದಿನ ಮನೆಯ ಹಿಂದೂ ಹೆಂಗಸು. ಪಾಲಿಗೆ ಬೇಕಾಗುತ್ತದೆಂದು ಪ್ರತಿ ವರ್ಷ ತಮ್ಮ ತೋಟದ ಬಾಳೆಹಣ್ಣು ಕೊಡುತ್ತಾರಂತೆ. ಈ ವರ್ಷ ಪಾಲ್ ಇಲ್ಲವೆಂದು ಗೊತ್ತಿದ್ದೂ ತಂದಿದ್ದರು. ಆಮೇಲೆ ಎಡಗಡೆ ಮನೆಯ ಹುಡುಗ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಬಂದ. ಆಚೆ ರಸ್ತೆಯಿಂದ ಅಜ್ಜಿಯೊಬ್ಬರು ಟಾರ್ಚ್ ಬಿಟ್ಟುಕೊಂಡು, ಮೊಮ್ಮಗಳ ಕೈಲಿ ಪಾತ್ರೆ ಹೊರಿಸಿಕೊಂಡು ಬಂದರು. ಬಾಗಿಲಲ್ಲಿ ಜಾಸ್ತಿ ಮಾತಿಲ್ಲ. "ತಂದಿದ್ದೀವಿ" ಎನ್ನುವುದು, ಅಮ್ಮಚ್ಚಿ ಎರಡೂ ಕೈಯಲ್ಲಿ ತೆಗೆದುಕೊಳ್ಳುವುದು. ಸ್ವಲ್ಪ ಹೊತ್ತಿಗೆ ಆ ಖಾಲಿ ಮೇಜಿನ ಮೇಲೆ ಬೇರೆ ಬೇರೆ ಮನೆಯ ಅಪ್ಪಂಗಳು ಸಾಲಾಗಿ ಕುಳಿತವು. ಒಂದು ತೆಳು, ಒಂದು ದಪ್ಪ, ಒಂದರ ಅಂಚು ಸ್ವಲ್ಪ ಒಡೆದಿತ್ತು. ಮುಚ್ಚಳ ತೆಗೆದಾಗ ಬಂದ ಜೀರಿಗೆ, ಬೆಳ್ಳುಳ್ಳಿಯ ಘಮ ನನಗೆ ಇನ್ನೂ ನೆನಪಿದೆ.

ಕತ್ತರಿಸುವವರು ಯಾರು? ಆ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇತ್ತು ಎನಿಸುತ್ತದೆ. ಅಷ್ಟರಲ್ಲಿ ಎಡಗಡೆ ಮನೆಯ ಯಜಮಾನರು ತಮ್ಮ ಮನೆಯ ಪ್ರಾರ್ಥನೆ ಮುಗಿಸಿ ಬಂದರು. ಯಾರೂ ಕರೆದಿರಲಿಲ್ಲ. ಬೈಬಲ್ ತೆಗೆದು ಓದಿದರು, ತೀರಿಹೋದವರ ಹೆಸರು ಹೇಳಿ ಪ್ರಾರ್ಥಿಸಿದರು. ಚಾಕು ಕೈಗೆ ತೆಗೆದುಕೊಂಡರು. ಒಂದು ಗಳಿಗೆ ನಿಂತು, ಅದನ್ನು ಅಮ್ಮಚ್ಚಿಯ ಕಡೆ ಹಿಡಿ ಬರುವಂತೆ ತಿರುಗಿಸಿ ಕೊಟ್ಟರು. "ಇನ್ನು ಈ ಮನೆಗೆ ನೀವೇ ಹಿರಿಯರು" ಎಂದರಂತೆ, ಗೆಳತಿ ಆಮೇಲೆ ಹೇಳಿದಳು. ಅಮ್ಮಚ್ಚಿ ಕತ್ತರಿಸಿದರು. ಮೊದಲ ತುಂಡು ಕತ್ತರಿಸುವಾಗ ಕೈ ನಡುಗಿತು, ಆಮೇಲೆ ನಡುಗಲಿಲ್ಲ. ನನಗೆ, ತಮ್ಮನಿಗೆ, ನೆನ್ನೆಯವರೆಗೆ ಮುಖ ಕಂಡಿರದ ನಮ್ಮಿಬ್ಬರಿಗೂ, ಪಾಲಿನಲ್ಲಿ ಅದ್ದಿದ ತುಂಡು ಕೊಟ್ಟರು.

ಎಲ್ಲ ಮುಗಿದ ಮೇಲೆ ಅಮ್ಮಚ್ಚಿ ತಟ್ಟೆಗಳನ್ನು ತೊಳೆಯಲು ನಿಂತರು. ನಾನು ಒರೆಸಿಕೊಡಲು ಪಕ್ಕದಲ್ಲಿ ನಿಂತೆ. ಅವರ ಮಲಯಾಳಂ ನನಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದದ್ದನ್ನು ಗೆಳತಿ ಹೇಳುತ್ತಿದ್ದಳು.

"ನಿಮ್ಮೂರಲ್ಲಿ ಪಾತ್ರೆ ಖಾಲಿ ವಾಪಸ್ ಕೊಡ್ತೀರಾ?" ಎಂದು ಕೇಳಿದರು.

ಇಲ್ಲ, ಚೂರು ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ ಎಂದೆ.

"ನಾವೂ ಹಾಗೇ. ಆದರೆ ಈ ವರ್ಷ ಖಾಲಿ ಕೊಡಬೇಕು. ಏನಾದರೂ ಹಾಕಿದರೆ ಆ ಅಜ್ಜಿ ಬೈತಾಳೆ." ಸ್ವಲ್ಪ ಹೊತ್ತು ತಟ್ಟೆ ಉಜ್ಜಿದರು. "ನಾನು ಮದುವೆಯಾಗಿ ಬಂದಾಗಿನಿಂದ ಎಷ್ಟೋ ಮನೆಗೆ ಅಪ್ಪಂ ಹೊತ್ತಿದ್ದೇನೆ. ಕೊಡೋದು ಸುಲಭ ಕಣೇ. ಕೊಟ್ಟು ಮನೆಗೆ ಬಂದು ನಿದ್ದೆ ಮಾಡ್ತಿದ್ದೆ. ಬಾಗಿಲಲ್ಲಿ ನಿಂತು ತಗೊಳ್ಳೋದು ಇವತ್ತೇ ಮೊದಲು."

ಕಷ್ಟವಾಯಿತಾ ಎಂದು ಕೇಳಿದೆ.

"ಮೊದಲ ತಟ್ಟೆ ಕಷ್ಟ ಆಯ್ತು. ಅವರಿದ್ದಿದ್ದರೆ ನಾವೂ ಇಷ್ಟೊತ್ತಿಗೆ ಯಾರದೋ ಮನೆ ಬಾಗಿಲಲ್ಲಿ ಇರ್ತಿದ್ದೆವು ಅನ್ನಿಸ್ತು. ಆಮೇಲೆ ಅಜ್ಜಿ ಬಂದಳಲ್ಲ. ಅವಳ ಗಂಡ ತೀರಿಕೊಂಡ ವರ್ಷ ನಾವೇ ಅವಳ ಮನೆಗೆ ಕೊಂಡೊಯ್ದಿದ್ದೆವು. ಅವಳಿಗೆ ಎಲ್ಲ ಗೊತ್ತು. ಏನೂ ಮಾತಾಡಲಿಲ್ಲ, ನೋಡಿದೆಯಾ?"

ನೋಡಿದ್ದೆ. ಸಾವಿನ ಮನೆಗೆ ಹೋದಾಗ ಏನು ಮಾತಾಡಬೇಕೆಂದು ತಿಳಿಯದೆ ನಾವು ಹೋಗುವುದನ್ನೇ ಬಿಡುತ್ತೇವೆ, ಅಲ್ವಾ? ಆ ಅಜ್ಜಿಗೆ ಮಾತಿನ ಹಂಗೇ ಇರಲಿಲ್ಲ. ನಿಜವಾದ ಉಪವಾಸವೆಂದರೆ ಹಸಿದವರ ಜೊತೆ ಅನ್ನ ಹಂಚಿಕೊಳ್ಳುವುದು, ನೆಲೆಯಿಲ್ಲದವರನ್ನು ಮನೆಗೆ ಸೇರಿಸಿಕೊಳ್ಳುವುದು ಎಂದು ಬೈಬಲಿನ ಯೆಶಾಯನ ಗ್ರಂಥದ 58ನೇ ಅಧ್ಯಾಯ ಹೇಳುತ್ತದೆ. ಪ್ರತಿ ತಪಸ್ಸು ಕಾಲದಲ್ಲೂ ಪೂಜೆಯಲ್ಲಿ ಅದನ್ನು ಕೇಳುತ್ತೇನೆ. ಲಾಡ್ಜಿನವರು ಹೊರಗೆ ಹಾಕಿದ್ದ ನಮ್ಮನ್ನು ದುಃಖದ ಮನೆಯೊಂದು ಒಳಗೆ ಕರೆದು ಕೂರಿಸಿತ್ತು.

ಶುಭ ಶುಕ್ರವಾರ ಬೆಳಿಗ್ಗೆ ಶಿಲುಬೆ ಹಾದಿ, ದೀರ್ಘ ಪ್ರಾರ್ಥನೆ. ಶಿಲುಬೆಗೆ ಮುತ್ತಿಟ್ಟು ಬಂದವರಿಗೆಲ್ಲ ಹಾಗಲಕಾಯಿ ರಸ ಕೊಟ್ಟರು, ಶಿಲುಬೆಯ ಮೇಲೆ ಯೇಸುವಿಗೆ ಕೊಟ್ಟ ಹುಳಿರಸದ ನೆನಪಿಗೆ. ತಮ್ಮ ಮುಖ ಕಿವುಚಿದ. ನನಗದು ತುಂಬಾ ಹಿಡಿಸಿತು. ಚರ್ಚಿನ ಎಷ್ಟೋ ಪ್ರವಚನಗಳಿಗಿಂತ ಆ ಒಂದು ಗುಟುಕು ಹೆಚ್ಚು ಹೊತ್ತು ನಾಲಗೆಯಲ್ಲಿ ಉಳಿಯಿತು. ಆಮೇಲೆ ಚರ್ಚಿನ ಶೆಡ್ಡಿನಲ್ಲಿ ಗಂಜಿ, ಹೆಸರುಕಾಳಿನ ಪಲ್ಯ. ಯಾರು ಬಂದರೂ ಊಟ.

ಗಂಜಿ ಮೊದಲು ಹೋದದ್ದು ಮಾತ್ರ ಶೆಡ್ಡಿಗಲ್ಲ. ಸಂತ ವಿನ್ಸೆಂಟ್ ದ ಪೌಲ್ ಸೊಸೈಟಿಯ ಯುವಕರು ಹಾಸಿಗೆ ಹಿಡಿದವರ ಮನೆಗಳಿಗೆ ಕ್ಯಾರಿಯರ್ ತುಂಬುತ್ತಿದ್ದರು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಮ್ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಶುರುಮಾಡಿದ ಸಂಘ ಅದು. ಬಡವರ ಮನೆಗೆ ಹೋಗಿ ಭೇಟಿಯಾಗುವುದೇ ಅವತ್ತಿನಿಂದ ಅವರ ಮುಖ್ಯ ಕೆಲಸ. ನಾನೂ ಬರಲಾ ಎಂದು ಕೇಳಿ ಒಬ್ಬರ ಜೊತೆ ಹೊರಟೆ.

ಹೋದ ಮನೆಯಲ್ಲಿ ಲಕ್ವ ಹೊಡೆದು ಮಲಗಿದ್ದ ವಯಸ್ಸಾದವರೊಬ್ಬರು. ಕ್ರೈಸ್ತರಲ್ಲ. ಯುವಕ ಗಂಜಿಯನ್ನು ಬಟ್ಟಲಿಗೆ ಹಾಕಿ ಆರಲು ಇಟ್ಟ. ಅದು ಆರುವಷ್ಟರಲ್ಲಿ ಅವರ ಉಗುರು ಕತ್ತರಿಸಿದ, ಹೆಬ್ಬೆರಳಿನ ದಪ್ಪ ಉಗುರನ್ನು ಬಿಸಿನೀರಿನಲ್ಲಿ ನೆನೆಸಿ ನಿಧಾನವಾಗಿ. ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವ ಪಂಚಾಯಿತಿಯ ಪ್ಯಾಲಿಯೇಟಿವ್ ನರ್ಸ್ ಯಾವಾಗ ಬಂದಿದ್ದರು, ಗಾಯಕ್ಕೆ ಪಟ್ಟಿ ಬದಲಾಯಿಸಿದ್ದಾರಾ ಎಂದು ಹೆಂಡತಿಯನ್ನು ವಿಚಾರಿಸಿ ಪುಸ್ತಕದಲ್ಲಿ ಗುರುತು ಹಾಕಿಕೊಂಡ. ಮತದ ಮಾತು ಬರಲಿಲ್ಲ. ನನಗೆ ಅದು ಬಹಳ ಸರಿಯೆನಿಸಿತು. ಹಬ್ಬಕ್ಕೊಮ್ಮೆ ಕಂಬಳಿ ಹಂಚಿ ಫೋಟೋ ತೆಗೆಸಿಕೊಳ್ಳುವ ಸೇವೆ ನಮ್ಮ ಕಡೆ ಸಾಕಷ್ಟಿದೆ. ಇವನು ಪ್ರತಿ ವಾರ ಬರುತ್ತಾನೆ. ನೋಂಬಿನಲ್ಲಿ ಮೀನು ಮಾಂಸ ಬಿಟ್ಟು ಉಳಿಸಿದ ದುಡ್ಡನ್ನು ಮನೆಗಳವರು ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ, ಔಷಧಿಗೂ ಡಯಾಲಿಸಿಸ್ಸಿಗೂ ಅದೇ ದುಡ್ಡು ಎಂದ.

ಶನಿವಾರ ಹೊರಡುವಾಗ ಅಮ್ಮಚ್ಚಿ ಆ ಬಾಳೆಹಣ್ಣನ್ನು ನಮ್ಮ ಚೀಲಕ್ಕೆ ತುಂಬಿದರು. ಮುಂದಿನ ವರ್ಷ ಬನ್ನಿ, ನಮ್ಮನೆಯಲ್ಲೇ ಅಪ್ಪಂ ಬೇಯುತ್ತದೆ ಎಂದರು. ಮಗಳ ಕಡೆ ತಿರುಗಿ, ಕೆಳಗಿನ ಗದ್ದೆ ಹತ್ತಿರದ ಮನೆಯಲ್ಲಿ ಈ ನೋಂಬಿನಲ್ಲೇ ಸೊಸೆ ತೀರಿಕೊಂಡಳಲ್ಲ, ಈ ಸಲ ಅವರ ಮನೆಗೆ ನಾವು ಒಯ್ಯಲಾಗಲಿಲ್ಲ, ಮುಂದಿನ ಸಲ ಅವರಿಗೆಂದು ಒಂದು ಅಪ್ಪಂ ಜಾಸ್ತಿ ಬೇಯಬೇಕು, ಚಿಕ್ಕ ಮಕ್ಕಳಿದ್ದಾವೆ, ಪಾಲಿಗೆ ಬೆಲ್ಲ ಸ್ವಲ್ಪ ಮುಂದಾಗಿ ಹಾಕು ಎಂದು ಈಗಲೇ ಹೇಳಿಟ್ಟರು.